ಬೀಗದವನ ಮಗ ಕೊಟ್ಟ ಲೆಕ್ಕ

ಮಾಗಿಯ ಚಳಿಯ ಮುಂಜಾನೆ. ಬಚ್ಚಲುಮನೆಯ ಬಕೆಟ್ಟಿನಲ್ಲಿ ನೀರು ಕಾಯಿಸುವ ವಿದ್ಯುತ್ ಕಡ್ಡಿಯನ್ನಿಳಿಸಿ, ಗುಂಡಿಯನ್ನೊತ್ತಿ, ಗೃಹಿಣಿ ಅಡಿಗೆಯ ಕೆಲಸಕ್ಕೆ ತೊಡಗುತ್ತಾಳೆ. ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲಿಂದಲೋ ಸೀದ ವಾಸನೆ. ಹಾಲು ತಳ ಹತ್ತಿತೇನೋ ಎಂದು ಒಲೆಯತ್ತ ಧಾವಿಸಿದರೆ, ಹಾಲು ಇನ್ನೂ ಬೆಚ್ಚಗಾಗಿಯೇ ಇಲ್ಲ! ಸೀಯುತ್ತಿರುವುದು ಗೋಡೆಯಲ್ಲಿ ಸಿಕ್ಕಿಸಿದ ಪ್ಲಗ್ಗು. ನೀರನ್ನು ಕಾಯಿಸಬೇಕಾಗಿದ್ದ ಶಕ್ತಿಯ ಒಂದು ಪಾಲು ಗೋಡೆಯನ್ನು ಕಾಯಿಸುತ್ತಿದೆ. ಹೀಗಾಗಲು ಕಾರಣವೇನು? ಅದನ್ನು ತಿಳಿಯಲು ಒಂದು ಭಾಗಾಕಾರ, ಒಂದು ಗುಣಾಕಾರ ಬಂದರೆ ಸಾಕು.

ಆ ಭಾಗಾಕಾರವನ್ನು ಲೋಕಕ್ಕೆ ಕೊಟ್ಟವನು ಜಾರ್ಜ್ ಸೈಮನ್ ಓಮ್. 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಬೀಗ ಮಾಡುವವನೊಬ್ಬನ ಮಗನಾಗಿ ಅವನು ಹುಟ್ಟಿದನು. ತಂದೆ ಶಾಲೆಯ ವಿದ್ಯೆಯಿಂದ ದೊಡ್ಡವನಾದವನಲ್ಲ. ತಾನೇ ಓದಿ ಕಲಿತ ಗಣಿತವನ್ನು ಮಕ್ಕಳಿಗೆ ಮನೆಯಲ್ಲಿ ಕಲಿಸಿದನು. ಮುಂದೆ ಓಮ್ ಕಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದುಕೊಂಡು, ತಂತಿಗಳಲ್ಲಿ ವಿದ್ಯುತ್ತು ಹರಿಯುವ ರೀತಿಯನ್ನು ಪರೀಕ್ಷಿಸತೊಡಗಿದನು. ಅಂದಿನ ಬ್ಯಾಟರಿಗಳ ಬಲ ಕ್ಷಣಕ್ಷಣಕ್ಕೂ ಏರಿಳಿಯುತ್ತಿತ್ತು. ಆದುದರಿಂದ ಅವನು ಬಿಸ್ಮತ್ ಮತ್ತು ತಾಮ್ರಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನ ಶಾಖದಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲಿಯೂ ಇರಿಸಿ, ಅಲುಗಾಡದ ಪ್ರವಾಹವನ್ನು ಪಡೆದನು. ಆ ಪರಿಶ್ರಮದ ಫಲವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ತನ್ನ ನಾಡಿನಲ್ಲಿ ಆ ಗ್ರಂಥಕ್ಕೆ ದೊರೆತ ಆದರ ಅತ್ಯಲ್ಪ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲೆ ಪದಕವನ್ನಿತ್ತು ಗೌರವಿಸಿತು. ಮ್ಯೂನಿಕ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪೀಠ ಅವನಿಗೆ ಲಭಿಸಿದ್ದು 1852ರಲ್ಲಿ. ಎರಡೇ ವರ್ಷಗಳಲ್ಲಿ ಅವನು ತೀರಿಕೊಂಡನು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಮಹಾಸಭೆ ರೋಧದ ಅಳತೆಗೆ ‘ಓಮ್’ ಎಂಬ ಹೆಸರನ್ನೇ ಸ್ಥಿರಪಡಿಸಿತು. ಬದುಕಿದ್ದಾಗ ಬಾರದ ಕೀರ್ತಿ ಹೀಗೆ ಹೆಸರಿಗೆ ಬಂದಿತು.

ಅವನ ನಿಯಮವಾದರೂ ಎಷ್ಟು ಸರಳ! ಮಾಳಿಗೆಯ ಮೇಲಿನ ತೊಟ್ಟಿಯಿಂದ ನಲ್ಲಿಗೆ ನೀರು ಬರುವುದನ್ನು ನೆನೆಯಿರಿ. ತೊಟ್ಟಿ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ಕೊಳವೆ ಕಿರಿದಾದಷ್ಟೂ ಹರಿವು ಕಡಿಮೆ. ವಿದ್ಯುತ್ತಿನಲ್ಲಿ ಒತ್ತಡವನ್ನು ವೋಲ್ಟಿನಿಂದಲೂ ಪ್ರವಾಹವನ್ನು ಆಂಪೇರಿನಿಂದಲೂ ಅಳೆಯುತ್ತಾರೆ. ವೋಲ್ಟನ್ನು ಆಂಪೇರಿನಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಅದು ಓಮಿನ ಲೆಕ್ಕ. ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ಪ್ರತಿ ಕ್ಷಣವೂ ವ್ಯಯವಾಗುತ್ತಿರುವ ಶಕ್ತಿಯ ಪ್ರಮಾಣ ದೊರೆಯುತ್ತದೆ. ಅದು ವಾಟಿನ ಲೆಕ್ಕ. ಕಾಯಿಸುವ ಉಪಕರಣಗಳಿಗೆ ಈ ಗುಣಾಕಾರ ನೇರವಾಗಿ ಒಪ್ಪುತ್ತದೆ. ಮೋಟಾರುಳ್ಳ ಯಂತ್ರಗಳಿಗೆ ಮಾತ್ರ ಸ್ವಲ್ಪ ತಿದ್ದುಪಡಿ ಬೇಕು.

ಈಗ ಬಚ್ಚಲುಮನೆಗೆ ಮರಳೋಣ. ಕಡ್ಡಿಯ ಹಿಡಿಯ ಮೇಲೆ 230 ವೋಲ್ಟ್, 1500 ವಾಟ್ ಎಂದು ಮುದ್ರಿಸಿದೆ. 1500ನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 6.5 ಆಂಪೇರ್, 230ನ್ನು 6.5ರಿಂದ ಭಾಗಿಸಿದರೆ ರೋಧ ಸುಮಾರು 35 ಓಮ್. ಮನೆಗಳಲ್ಲಿನ ಚಿಕ್ಕ ಸಾಕೆಟ್ಟು 6 ಆಂಪೇರಿನದು, ದೊಡ್ಡದು 16 ಆಂಪೇರಿನದು. ಕಡ್ಡಿಯ ದಪ್ಪ ಪ್ಲಗ್ಗನ್ನು ಅಡಾಪ್ಟರಿನ ಮೂಲಕ ಚಿಕ್ಕ ಸಾಕೆಟ್ಟಿಗೆ ಸಿಕ್ಕಿಸಿದಾಗಲೇ ಮಿತಿ ಮೀರಿತೆಂದಾಯಿತು.

ಅನರ್ಥ ಅಲ್ಲಿಗೇ ನಿಲ್ಲುವುದಿಲ್ಲ. ಹಳೆಯ ಸಾಕೆಟ್ಟಿನ ಹಿಡಿತ ಸಡಿಲವಾಗಿ, ಆ ಸಂದಿನಲ್ಲಿ ಕೇವಲ 1 ಓಮ್ ರೋಧ ಹುಟ್ಟಿತೆಂದು ಭಾವಿಸಿರಿ. ಒಟ್ಟು ರೋಧ 36 ಓಮಿಗೇರಿ, ಪ್ರವಾಹ 6.3 ಆಂಪೇರಿನ ಸಮೀಪಕ್ಕೆ ಇಳಿಯುತ್ತದೆ. 1 ಓಮಿನ ಸಂದಿನಲ್ಲಿ 6.3 ವೋಲ್ಟ್ ಇಳಿದು, 6.3 ಆಂಪೇರಿನೊಡನೆ ಗುಣಿಸಿದಾಗ ಸುಮಾರು 40 ವಾಟ್ ಆಗುತ್ತದೆ. ರೇಡಿಯೋ ರಿಪೇರಿಯವರು ಸೀಸದ ಬೆಸುಗೆಯನ್ನು ಕರಗಿಸುವ ಪುಟ್ಟ ಕಡ್ಡಿಗೆ 25 ವಾಟ್ ಸಾಕು! ಅದಕ್ಕಿಂತ ಹೆಚ್ಚಿನ ಶಾಖ ಬೆರಳಗಲದ ಪ್ಲಾಸ್ಟಿಕ್ಕಿನೊಳಗೆ ಸೆರೆಯಾದರೆ ಅದು ಸೀಯದೆ ಇನ್ನೇನಾದೀತು?

‘ಫ್ಯೂಸು ಇದೆಯಲ್ಲ, ಅದು ಕಾಪಾಡದೆ?’ ಎಂದು ಕೇಳಬಹುದು. ಇಲ್ಲಿಯೇ ನಿಜವಾದ ಅಪಾಯವಿರುವುದು. ಫ್ಯೂಸಾಗಲಿ, ಈಗಿನ ಎಂ.ಸಿ.ಬಿ.ಯಾಗಲಿ ಎಚ್ಚರಗೊಳ್ಳುವುದು ಪ್ರವಾಹ ಮಿತಿ ಮೀರಿ ಏರಿದಾಗ. ಸಡಿಲವಾದ ಸಂದಿನಲ್ಲಿ ಪ್ರವಾಹ ಏರುವುದಿಲ್ಲ; ತುಸು ಇಳಿಯುತ್ತದೆ. ಆದುದರಿಂದ ಕಾವಲುಗಾರ ನಿದ್ರಿಸುತ್ತಿರುತ್ತಾನೆ, ಮನೆ ಸುಡುತ್ತಿರುತ್ತದೆ. ಅಲ್ಲಿ ಮನೆಯವರ ಮೂಗು, ಕಣ್ಣುಗಳೇ ಕಾವಲು.

ಪ್ರವಾಹ ಇಮ್ಮಡಿಯಾದರೆ ಅದೇ ತಂತಿಯಲ್ಲಿ ಶಾಖ ನಾಲ್ಮಡಿಯಾಗುತ್ತದೆಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ. ಮನೆಯ ಪ್ಲಗ್ಗಿಗೆ ಅನ್ವಯಿಸುವ ಈ ಮಾತು ನಾಡಿನ ವಿದ್ಯುತ್ ಮಾರ್ಗಗಳಿಗೂ ಅನ್ವಯಿಸುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ, ಅದನ್ನು ಹಲವು ಸಹಸ್ರ ವೋಲ್ಟುಗಳಿಗೇರಿಸಿ ಕಳುಹಿಸಲಾಯಿತು. ಅದೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ ಹತ್ತರಲ್ಲೊಂದಾಗುತ್ತದೆ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ನೂರರಲ್ಲೊಂದಕ್ಕೆ ಇಳಿಯುತ್ತದೆ. ಕಾವೇರಿಯ ಬಲ ದಾರಿಯಲ್ಲಿಯೇ ಕರಗಿಹೋಗದೆ ಗಣಿಯನ್ನು ಮುಟ್ಟಿದ್ದು ಈ ಉಪಾಯದಿಂದ.

ಮನೆಯಲ್ಲಿ ಮಾಡಬೇಕಾದುದು ಇಷ್ಟೆ. ಹೊಸ ಉಪಕರಣ ಬಂದೊಡನೆ ಅದರ ಮೇಲಿನ ವಾಟನ್ನು ಓದಿ, 230ರಿಂದ ಭಾಗಿಸಬೇಕು. ಉತ್ತರ 6ನ್ನು ಮೀರಿದರೆ 16 ಆಂಪೇರಿನ ಸಾಕೆಟ್ಟೂ ಅದಕ್ಕೆ ತಕ್ಕ ದಪ್ಪನೆಯ ತಂತಿಯೂ ಅವಶ್ಯ. ಪ್ಲಗ್ಗು ಬಿಸಿಯೇರಿದರೆ, ಬಣ್ಣಗೆಟ್ಟರೆ, ಒಡನೆಯೇ ಮೆಯಿನ್ ಸ್ವಿಚ್ಚನ್ನು ಆರಿಸಿ ಬಲ್ಲ ಎಲೆಕ್ಟ್ರಿಷಿಯನ್ನನನ್ನು ಕರೆಸಬೇಕು. ಶಾಲೆಯ ಪುಸ್ತಕದಲ್ಲಿ ಓಮಿನ ನಿಯಮವನ್ನು ಬಾಯಿಪಾಠ ಮಾಡುತ್ತಿರುವ ಮಗನಿಗೋ ಮಗಳಿಗೋ ಈ ಭಾಗಾಕಾರವನ್ನು ಒಪ್ಪಿಸಬಹುದು. ಬೀಗದವನ ಮಗ ಕೊಟ್ಟ ಲೆಕ್ಕ, ಬೀಗದಂತೆಯೇ, ಮನೆಯನ್ನು ಕಾಯಬಲ್ಲುದು.