ಟ್ರ್ಯಾಕ್ಟರ್ ಬಿಸಿಯಾಗ್ತಿದೆಯಾ? ಎಂಜಿನ್ ಬಿಚ್ಚಿಸೋ ಮೊದಲು ಇಷ್ಟು ನೋಡಿ

ನಮ್ಮ ಅಪ್ಪನ ಬಲಗೈ ಮೇಲೆ ಒಂದು ಸುಟ್ಟ ಕಲೆ ಇದೆ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆದಾಗ ಚಿಮ್ಮಿದ ನೀರಿನ ಗುರುತು ಅದು. ಹೋದ ವರ್ಷ ಪುಷ್ಯ ಮಳೆ ಸಮಯದಲ್ಲಿ ನಾನೂ ಅದೇ ತಪ್ಪು ಮಾಡೋದ್ರಲ್ಲಿದ್ದೆ.

ನಮ್ಮದು ಕನಕಪುರ ರಸ್ತೆ ಕಡೆ ಹಳ್ಳಿ, ರಾಗಿ ಹೊಲ. ಟ್ರ್ಯಾಕ್ಟರ್‌ಗೆ ಹತ್ತಿರ ಹತ್ತಿರ ನನ್ನಷ್ಟೇ ವಯಸ್ಸು. ಮಳೆ ಬಿದ್ದು ಭೂಮಿ ಹದಕ್ಕೆ ಬಂದಿತ್ತು. ರೋಟವೇಟರ್ ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ, ಮೀಟರ್ ಮುಳ್ಳು ಕೆಂಪಿಗೆ ಹೋಯ್ತು. ಗಾಬರಿಯಲ್ಲಿ ಇಳಿದವನೇ ಮುಚ್ಚಳಕ್ಕೆ ಕೈ ಹಾಕಿದೆ. ಅಪ್ಪ ಓಡಿ ಬಂದು ನನ್ನ ಕೈ ಎಳೆದರು. "ನನ್ನ ಕೈ ನೋಡಿಲ್ವೇನೋ ನೀನು?"

ಸಂಜೆ ಬಂದ ಮೆಕ್ಯಾನಿಕ್ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು" ಅಂದ. ಅಷ್ಟು ದುಡ್ಡೂ ಇರಲಿಲ್ಲ, ಅಷ್ಟು ದಿನ ಹದವೂ ಕಾಯಲ್ಲ. ಹಾಗಾಗಿ ಮೊದಲು ನಾನೇ ಒಂದೊಂದಾಗಿ ನೋಡ್ತಾ ಬಂದೆ. ನೀವೂ ಇದೇ ಕ್ರಮದಲ್ಲಿ ನೋಡಿ.

1. ತಣ್ಣಗಾಗಲು ಬಿಡಿ. ಮುಳ್ಳು ಮೇಲೆ ಹೋದರೆ ಕೆಲಸ ನಿಲ್ಲಿಸಿ, ನೀರು ಸೋರುತ್ತಿಲ್ಲ ಅಂದ್ರೆ ಎರಡು ಮೂರು ನಿಮಿಷ ಎಂಜಿನ್ ನಿಧಾನಕ್ಕೆ ಓಡಲಿ, ಆಮೇಲೆ ಆಫ್ ಮಾಡಿ. ಪೈಪ್ ಒಡೆದು ನೀರು ಖಾಲಿಯಾಗ್ತಿದ್ದರೆ ತಕ್ಷಣ ಆಫ್. ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು.

2. ನೀರಿನ ಮಟ್ಟ, ಪೈಪು, ಕ್ಲಿಪ್ಪು ನೋಡಿ. ವಾಟರ್ ಪಂಪ್ ಕೆಳಗೆ ಸಣ್ಣ ತೂತಿರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಪಂಪ್ ಸೀಲ್ ಹೋಗಿದೆ ಅಂತ ಅರ್ಥ.

3. ಫ್ಯಾನ್ ಬೆಲ್ಟನ್ನು ಎಂಜಿನ್ ಆಫ್ ಮಾಡಿ ಹೆಬ್ಬೆರಳಲ್ಲಿ ಒತ್ತಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ. ಸಡಿಲವಾಗಿದ್ದರೆ ಫ್ಯಾನೂ ಪಂಪೂ ಎರಡೂ ಸರಿಯಾಗಿ ತಿರುಗಲ್ಲ.

4. ರೇಡಿಯೇಟರ್ ಮುಂಭಾಗಕ್ಕೆ ಮೊಬೈಲ್ ಟಾರ್ಚ್ ಬಿಡಿ. ಹೊಟ್ಟು, ಧೂಳು ತುಂಬಿದ್ದರೆ ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಯಿರಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತೆ. ಜೋರು ನೀರು ಹೊಡೆದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

5. ಥರ್ಮೋಸ್ಟಾಟ್ ಬಿಚ್ಚಿ ಪಾತ್ರೆ ನೀರಲ್ಲಿ ಕಾಯಿಸಿ. ಅದರ ಮೇಲೆ ಬರೆದಿರುವ ಡಿಗ್ರಿ ಆಸುಪಾಸಲ್ಲಿ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ. ಕಿತ್ತೆಸೆದು ಓಡಿಸೋರಿದ್ದಾರೆ, ಅದು ಬೇಡ. ಎಂಜಿನ್ ಬೇಗ ಬಿಸಿ ಹಿಡಿಯಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಹೆಚ್ಚು.

6. ಕೊನೆಗೆ ಗ್ಯಾಸ್ಕೆಟ್. ತಣ್ಣಗಿರುವಾಗ ಮುಚ್ಚಳ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ ನೀರನ್ನು ನೋಡಿ. ಎಡೆಬಿಡದೆ ಗುಳ್ಳೆ ಬಂದರೆ, ಅಥವಾ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಅನುಮಾನ ಗಟ್ಟಿ. ವಿಡಿಯೋ ಮಾಡಿಕೊಳ್ಳಿ, ಮೆಕ್ಯಾನಿಕ್‌ಗೆ ತೋರಿಸೋಕೆ ಆಗುತ್ತೆ. ನೀರು ಬಿಸಿಯಾಗೋ ಮುಂಚೆ ಆಫ್ ಮಾಡಿ ಮುಚ್ಚಳ ಹಾಕಿ.

ನಮ್ಮದರಲ್ಲಿ ಗುಳ್ಳೆ ಇರಲಿಲ್ಲ, ಆಯಿಲ್ ಶುದ್ಧ, ಬೆಲ್ಟು ಬಿಗಿ, ಥರ್ಮೋಸ್ಟಾಟ್ ಸರಿ. ಖಾಲಿ ನಿಂತಾಗ ಬಿಸಿಯಾಗ್ತಿರಲಿಲ್ಲ, ಲೋಡ್ ಬಿದ್ದಾಗ ಮಾತ್ರ. ಉಳಿದದ್ದು ರೇಡಿಯೇಟರ್ ಒಳಭಾಗ. ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ, ಬೆಳಗಿನ ಬಸ್ಸಲ್ಲಿ ಬನಶಂಕರಿಗೆ ತಂದೆ. ಅಲ್ಲಿನ ರೇಡಿಯೇಟರ್ ಅಂಗಡಿಯ ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದರು:

"ಯಾವ ನೀರು ಹಾಕ್ತೀಯಪ್ಪಾ?"

"ಬೋರ್ ನೀರೇ ಅಣ್ಣ."

ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ತೋರಿಸಿದರು. ಅರ್ಧಕ್ಕರ್ಧ ಕೊಳವೆಗಳಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿತ್ತು, ಸೌದೆ ಒಲೆಯ ಹಂಡೆಯೊಳಗೆ ಕಟ್ಟುತ್ತಲ್ಲ, ಹಾಗೆ. ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರ್ ಆಗಿದ್ದರಿಂದ ಪ್ರತಿ ಕೊಳವೆಗೂ ಸರಳು ತೂರಿಸಿ ಕೆರೆದು, ಮತ್ತೆ ಬೆಸುಗೆ ಹಾಕಿಕೊಟ್ಟರು.

ದೋಣಿಯ ಹಿಂದೆ ಕಟ್ಟೋ ಮೋಟಾರ್‌ಗೆ ಹೊಸ ನೀರು ಹೊಳೆಯಿಂದಲೇ ಸಿಗುತ್ತಿರುತ್ತೆ. ನಮ್ಮ ಟ್ರ್ಯಾಕ್ಟರ್‌ಗೆ ನಾವು ತುಂಬಿದ ಅಷ್ಟೇ ಲೀಟರ್ ಗತಿ. ಆವಿಯಾದಷ್ಟೂ ಗಡಸು ನೀರನ್ನೇ ತುಂಬ್ತಾ ಹೋದರೆ, ನೀರು ಹೋಗುತ್ತೆ, ಸುಣ್ಣ ಉಳಿಯುತ್ತೆ. ಈಗ ನಾನು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬೆರೆಸಿ ಹಾಕ್ತೀನಿ. ಅಳತೆ ಕೂಲೆಂಟ್ ಡಬ್ಬಿ ಮೇಲೇ ಇರುತ್ತೆ. ಕೂಲೆಂಟ್ ತುಕ್ಕನ್ನೂ ತಡೆಯುತ್ತೆ. ಬದಲಿಸಿದ ದಿನ, ಮೀಟರ್‌ನ ಗಂಟೆ ಎರಡನ್ನೂ ಫೋಟೋ ತೆಗೆದಿಟ್ಟುಕೊಳ್ತೀನಿ.

ಮೂರನೇ ದಿನ ಬಿತ್ತನೆ ಮುಗಿಯಿತು. ಅಷ್ಟರಲ್ಲಿ ಮೇಲಿನ ಮೂಲೆ ಒಣಗಿತ್ತು, ಅಲ್ಲಿ ರಾಗಿ ಪೈರು ತೆಳ್ಳಗೇ ಬಂತು. ಆ ಮೂಲೆ ನೋಡಿದಾಗಲೆಲ್ಲ ಬೋರ್ ನೀರಿನ ಕೊಡ ನೆನಪಾಗುತ್ತೆ. ಮಳೆಗಾಲಕ್ಕೆ ಮುಂಚೆ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ನಿಮ್ಮ ರೇಡಿಯೇಟರ್ ನೋಡಿಬಿಡಿ. ಮುಚ್ಚಳ ಮಾತ್ರ ತಣ್ಣಗಾದ ಮೇಲೇ ತೆಗೀರಿ.