ಮಬ್ಬು ಬಿಯರಿನಲ್ಲಿ ಬೆಳಕು

ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್ ಹೆಸರಿಗಷ್ಟೇ ಭಾರತದ್ದು. 19ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಇಲ್ಲಿಗೆ ಬರುತ್ತಿತ್ತು. ಇಂದು ಅಮೆರಿಕ ಒಂದರಲ್ಲೇ ಅದಕ್ಕೆ ಹಲವು ಶೈಲಿಗಳು. ಕ್ಯಾಲಿಫೋರ್ನಿಯಾದ್ದು ತಿಳಿ, ಕಹಿಯೂ ಹೆಚ್ಚು. ಈಶಾನ್ಯದ ವರ್ಮಾಂಟ್‌ನಲ್ಲಿ 2000ದ ದಶಕದಲ್ಲಿ ರೂಪುಗೊಂಡದ್ದು ಹಣ್ಣಿನ ರಸದಂತೆ ಮಬ್ಬು.

ಹಾಪ್ ಹೂವಿನ ಆಲ್ಫಾ ಆಮ್ಲಗಳು ಕುದಿಯುವಾಗ ಕಹಿ ಸಂಯುಕ್ತಗಳಾಗುತ್ತವೆ, ಪರಿಮಳದ ತೈಲಗಳು ಆವಿಯಾಗಿ ಹೋಗುತ್ತವೆ. ಆದ್ದರಿಂದ ವರ್ಮಾಂಟ್ ಶೈಲಿಯಲ್ಲಿ ಬಹುಪಾಲು ಹಾಪನ್ನು ಕುದಿತ ಮುಗಿದ ಮೇಲೆ ಸೇರಿಸುತ್ತಾರೆ.

ಮಬ್ಬು ಕಂಡೊಡನೆ ಬಿಯರ್ ಕೆಟ್ಟಿದೆ ಎನ್ನುವವರುಂಟು. ಬ್ಯಾಕ್ಟೀರಿಯ ಬೆಳೆದರೂ ಮಬ್ಬು ಬರುತ್ತದೆ, ನಿಜ. ಆದರೆ ಇಲ್ಲಿ ಓಟ್ಸ್, ಗೋಧಿ, ಬಾರ್ಲಿಗಳ ಪ್ರೋಟೀನುಗಳು ಹಾಪ್‌ನ ಪಾಲಿಫಿನಾಲ್‌ಗಳೊಡನೆ ಬೆಸೆದು ಕಲಿಲ ಕಣಗಳಾಗಿರುತ್ತವೆ. ಗೋಚರ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರೊಮೀಟರ್. ಕಣದ ಗಾತ್ರವೂ ಆಸುಪಾಸಿನದಾದಾಗ ಎಲ್ಲ ಬಣ್ಣಗಳೂ ಚದರುತ್ತವೆ. ಹಾಲು ಬೆಳ್ಳಗೆ ಕಾಣುವುದೂ ಹೀಗೆಯೇ.