ಒಂದು ತಿರುಳು, ಹಲವು ಯಂತ್ರ

ಗಣಕದ ಅಂಗಾಂಗಗಳನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್, ಅಂದರೆ ತಿರುಳು, ಎಂದು ಹೆಸರು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ರಚಿಸಿದ ಲಿನಕ್ಸ್ ಅಂತಹ ಒಂದು ತಿರುಳು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದುದರಿಂದಲೇ ಅದು ಬಗೆಬಗೆಯ ಯಂತ್ರಗಳನ್ನು ಸೇರಿತು; ತೊಡಕೂ ಅಲ್ಲಿಂದಲೇ ಮೊದಲಾಯಿತು.

ಆರ್ಮ್ ಎಂಬ ಸಂಸ್ಕಾರಕವನ್ನು ಬಳಸಿ ಅನೇಕ ಕಂಪನಿಗಳು ಮೊಬೈಲ್ ಮೊದಲಾದ ಸಾಧನಗಳನ್ನು ತಯಾರಿಸಿದವು. ಯಾವ ಅಂಗ ಯಾವ ವಿಳಾಸದಲ್ಲಿದೆ ಎಂಬುದು ಒಂದೊಂದು ಸಾಧನದಲ್ಲಿಯೂ ಬೇರೆ. ಬಂದವರೆಲ್ಲ ಹಿಂದಿನವರ ಬರಹವನ್ನು ನಕಲು ಮಾಡಿ, ನಾಲ್ಕಾರು ಅಂಕಿಗಳನ್ನು ಬದಲಿಸಿ, ತಿರುಳಿಗೆ ಸೇರಿಸುತ್ತ ಹೋದರು. ಓಲೆಗರಿಯ ಲಿಪಿಕಾರನ ತಪ್ಪು ಪ್ರತಿಯಿಂದ ಪ್ರತಿಗೆ ಇಳಿಯುವಂತೆ ದೋಷಗಳೂ ನಕಲಾದವು. ಒಂದೆಡೆ ತಿದ್ದಿದ್ದು ಉಳಿದೆಡೆ ತಿದ್ದದೆಯೇ ಉಳಿಯಿತು. 2011ರಲ್ಲಿ ಟೋರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ಮೃದುಮಾತಿಗೆ ಅವರು ಹೆಸರಾದವರೂ ಅಲ್ಲ.

ಸೂಕ್ಷ್ಮವಾಗಿ ನೋಡಿದರೆ, ಸಾಧನಗಳಲ್ಲಿ ಭಿನ್ನವಾಗಿದ್ದುದು ಬಹುಮಟ್ಟಿಗೆ ವಿವರವೇ ಹೊರತು ಕೆಲಸದ ಕ್ರಮವಲ್ಲ. ಆ ವಿವರವನ್ನು 'ಡಿವೈಸ್ ಟ್ರೀ' ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಟ್ಟು, ಯಂತ್ರ ಎಚ್ಚರಗೊಳ್ಳುವಾಗ ತಿರುಳು ಅದನ್ನು ಓದಿಕೊಳ್ಳುವಂತೆ ಮಾಡಲಾಯಿತು. ಉಪಾಯ ಹೊಸದಲ್ಲ, ಪವರ್‌ಪಿಸಿ ಯಂತ್ರಗಳಲ್ಲಿ ಆಗಲೇ ಬಳಕೆಯಲ್ಲಿತ್ತು. ಕಷ್ಟವಿದ್ದುದು ಅದನ್ನು ಜಾರಿಗೆ ತರುವುದರಲ್ಲಿ. ಒಂದು ವಿಳಾಸ ತಪ್ಪಿದರೂ ಯಂತ್ರ ಮೂಕವಾಗಬಹುದು. ಕೆಲಸ ಮುಗಿದಾಗ ಬಳಸುವವನ ಕಣ್ಣಿಗೆ ಹೊಸತೇನೂ ಕಾಣದು. ಇಂತಹ ದುಡಿಮೆಗೆ ಹೊಗಳಿಕೆ ದೊರೆಯುವುದು ಅಪರೂಪ.

2012ರ ಡಿಸೆಂಬರಿನಲ್ಲಿ ಹೊರಬಂದ 3.7ನೆಯ ಆವೃತ್ತಿಯಲ್ಲಿ, ಒಮ್ಮೆ ಸಿದ್ಧಪಡಿಸಿದ ಒಂದೇ ತಿರುಳು ಬೇರೆ ಬೇರೆ ಆರ್ಮ್ ಕುಲಗಳ ಯಂತ್ರಗಳಲ್ಲಿ ನಡೆಯುವಂತಾಯಿತು. ಬಳಸುವವರೇ ಇಲ್ಲದ ಎಷ್ಟೋ ಹಳೆಯ ಸಾಧನಗಳ ಬರಹವನ್ನು 2023ರ 6.3ನೆಯ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು.